ಐದು ತಲೆಮಾರು, ನಾಲ್ಕು ಯುದ್ಧ: ನನ್ನ ಅಮೆರಿಕದ ಕಾದಂಬರಿ ಯಾಕೋ ನಿಲ್ತಾ ಇಲ್ಲ

ಅಯೋವಾಜೋಳ:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡಿದ್ದವನು, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ. ಊರು ಹಾಸನದ ಕಡೆ. ಇಪ್ಪತ್ತೆರಡು ವರ್ಷದಿಂದ ಅಯೋವಾದಲ್ಲಿದ್ದೇನೆ (ಅಮೆರಿಕದ ನಟ್ಟನಡುವೆ, ಎತ್ತ ನೋಡಿದರೂ ಮುಸುಕಿನ ಜೋಳ). ನಾಲ್ಕು ವರ್ಷದಿಂದ ಕನ್ನಡದಲ್ಲಿ ಒಂದು ಕಾದಂಬರಿ ಬರೆಯುತ್ತಿದ್ದೇನೆ, ಒಂದು ಜರ್ಮನ್ ಮೂಲದ ಅಮೆರಿಕನ್ ರೈತ ಮನೆತನದ ಕಥೆ.

ಮೊದಲನೆಯವನು ಜರ್ಮನಿಯಲ್ಲಿ 1848ರ ಕ್ರಾಂತಿ ಸೋತ ಮೇಲೆ ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ಬಂದ ಹುಡುಗ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಲಿಂಕನ್ ಕಡೆಯ, ಅಂದರೆ ಉತ್ತರದ ಸೇನೆಗೆ ಸೇರುತ್ತಾನೆ. ಅವನ ಮೊಮ್ಮಗ 1918ರಲ್ಲಿ ಫ್ರಾನ್ಸಿಗೆ ಹೋಗುತ್ತಾನೆ. ಆ ಮೊಮ್ಮಗನ ಮಗ ಎರಡನೇ ಮಹಾಯುದ್ಧಕ್ಕೆ. ಆಮೇಲಿನವನು ವಿಯೆಟ್ನಾಂಗೆ. 340 ಪುಟ ಆಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆದರೆ ನನಗೆ ನನ್ನ ಹೆಗ್ಗಣವೇ ಮುದ್ದಾಗಿ ಕಾಣ್ತಾ ಇಲ್ಲ. ಎಲ್ಲ ಯುದ್ಧವೂ ಒಂದೇ ಥರ ಮುಗಿಯುತ್ತದೆ: ಬ್ಯಾಂಡು, ಬಾವುಟ, ಅಳುವ ತಾಯಿ. ಮೊದಲ ಅಧ್ಯಾಯವನ್ನು ಇಲ್ಲಿನ ಕೆಲವರಿಗೆ ಕಳಿಸಿದ್ದೇನೆ. ಬೈದರೂ ಪರವಾಗಿಲ್ಲ.

ಪುಸ್ತಕದಹುಳ:

ಓದಿದೆ. ಬೈಯೋದಿಲ್ಲ, ಆದರೆ ನೇರವಾಗಿ ಹೇಳ್ತೀನಿ. ನಿಮ್ಮ ಕಾದಂಬರಿ ಮೆಟ್ಟಿಲು ಥರ ಇದೆ. ಒಬ್ಬೊಬ್ಬನಿಗೆ ಒಂದೊಂದು ಯುದ್ಧ ಹಂಚಿದ್ದೀರಿ, ಮದುವೆ ಮನೆಯಲ್ಲಿ ಎಲೆ ಎಲೆಗೂ ಒಂದೊಂದು ಲಾಡು ಬಡಿಸಿದ ಹಾಗೆ. ಓದುವವನಿಗೆ ಎರಡನೇ ಲಾಡಿಗೇ ಗೊತ್ತಾಗಿಬಿಡುತ್ತದೆ, ಮುಂದೆ ಇನ್ನೂ ಎರಡು ಬರುತ್ತದೆ ಅಂತ.

ಇನ್ನೊಂದು. ಮೊದಲನೆಯವನು ಅಜ್ಜ, ಎರಡನೆಯವನು ಮೊಮ್ಮಗ ಅಂದ್ರಿ. ನಡುವಿನ ಮಗ ಎಲ್ಲಿ ಸ್ವಾಮಿ? ಶೀರ್ಷಿಕೆಯಲ್ಲಿ ಐದು ತಲೆಮಾರು ಅಂತೀರಿ, ಕಥೆಯಲ್ಲಿ ನಾಲ್ಕು. 1865ರ ಆಚೆ ಹುಟ್ಟಿ ಯುದ್ಧ ಸಿಗದವನು ನನಗೆ ಎಲ್ಲರಿಗಿಂತ ಜಾಸ್ತಿ ಬೇಕಾದವನು. ವರ್ಷ ವರ್ಷ ಮೇ 30ಕ್ಕೆ ಅಪ್ಪ ಹಳೇ ನೀಲಿ ಕೋಟು ಹಾಕಿಕೊಂಡು ಸತ್ತವರ ಸಮಾಧಿಗೆ ಹೂ ಹಾಕೋಕೆ ಮೆರವಣಿಗೆ ಹೋಗ್ತಾನೆ. ಈ ಮಗ ಕೋಟಿನ ಗುಂಡಿ ಉಜ್ಜಿ ಹೊಳೆಸಿ ಕೊಡ್ತಾನೆ. ನಲವತ್ತು ವರ್ಷ. ಅವನದ್ದು ಅಂತ ಒಂದು ಮೆರವಣಿಗೆ ಇಲ್ಲ. ಆಮೇಲೆ ಅವನ ಮಗ 1917ರಲ್ಲಿ ಸೇನೆಗೆ ಹೊರಟಾಗ ಇವನು ಯಾಕೆ ತಡೆಯಲಿಲ್ಲ ಅನ್ನೋದು ಆ ಗುಂಡಿಯಲ್ಲೇ ಇದೆ.

ಬೆಂಗ್ಳೂರುಬಸ್:

ತಪ್ಪು ತಿಳ್ಕೋಬೇಡಿ, ಒಂದು ಮೂಲ ಪ್ರಶ್ನೆ. ಅಮೆರಿಕದವರ ದೇಶಭಕ್ತಿ ಬಗ್ಗೆ ಕನ್ನಡದಲ್ಲಿ ಯಾಕೆ ಕಾದಂಬರಿ? ಅವರ ಬಾವುಟಕ್ಕೆ ಅಳೋಕೆ ಅವರ ಹತ್ತಿರ ಹಾಲಿವುಡ್ ಇದೆ. ನಮಗೇನು ಬಂದಿದೆ?

ಅಯೋವಾಜೋಳ:

ಹುಳ ಸರ್, ಆ ಗುಂಡಿ ನನ್ನ ನಿದ್ದೆ ಕೆಡಿಸಿತು. ನಿಜ, ಅವನನ್ನು ನಾನು ಅರ್ಧ ಪುಟದಲ್ಲಿ ಹಾರಿಸಿಬಿಟ್ಟಿದ್ದೆ. "ಜೋಳ ಬೆಳೆದ, ಸತ್ತ" ಅಂತ ಇತ್ತು.

ಬಸ್ ಅವರೇ, ನೀವು ಕೇಳಿದ್ದಕ್ಕೆ ಒಂದು ಘಟನೆ ಹೇಳ್ತೀನಿ, ಇದರಿಂದಲೇ ನಾನು ಬರೆಯೋಕೆ ಶುರು ಮಾಡಿದ್ದು. 1918ರ ಮೇ ತಿಂಗಳಲ್ಲಿ ಅಯೋವಾದ ಗವರ್ನರ್ ಹಾರ್ಡಿಂಗ್ ಒಂದು ಆದೇಶ ಹೊರಡಿಸಿದ. ಶಾಲೆಯಲ್ಲಿ ಇಂಗ್ಲಿಷ್ ಮಾತ್ರ. ರೈಲಿನಲ್ಲಿ, ಬೀದಿಯಲ್ಲಿ, ಸಭೆಯಲ್ಲಿ ಇಂಗ್ಲಿಷ್ ಮಾತ್ರ. ಕಡೆಗೆ ಟೆಲಿಫೋನಿನಲ್ಲೂ! ಚರ್ಚಿನಲ್ಲೂ ಅಷ್ಟೇ. ಇಂಗ್ಲಿಷ್ ಬಾರದ ಮುದುಕರು ಪ್ರಾರ್ಥನೆಯನ್ನು ಮನೆಯಲ್ಲೇ ಮಾಡಿಕೊಳ್ಳಲಿ ಅಂದ. ಆಗ ಹಳ್ಳಿಗಳಲ್ಲಿ ಐದಾರು ಮನೆಗೆ ಒಂದೇ ಟೆಲಿಫೋನ್ ತಂತಿ ಇರ್ತಿತ್ತು. ಯಾರು ಏನು ಮಾತಾಡಿದರೂ ಪಕ್ಕದವರು ರಿಸೀವರ್ ಎತ್ತಿ ಕೇಳಬಹುದು. ಈಗ ಯೋಚಿಸಿ. ಮಗ ಫ್ರಾನ್ಸಿನಲ್ಲಿ ಅಮೆರಿಕದ ಪರವಾಗಿ ಗುಂಡಿಗೆ ಎದೆ ಕೊಟ್ಟಿದ್ದಾನೆ. ಇಲ್ಲಿ ಅವನ ತಾಯಿ ತನ್ನ ಅಕ್ಕನಿಗೆ ಫೋನ್ ಮಾಡಿ "ಅವನ ಕಾಗದ ಬಂತು" ಅಂತ ಅವಳಿಗೆ ಬರುವ ಒಂದೇ ಭಾಷೆಯಲ್ಲಿ ಹೇಳುವ ಹಾಗಿಲ್ಲ.

ಶತ್ರು ಜರ್ಮನಿಯ ದೊರೆ ಕೈಸರ್ ಮೇಲಿನ ಸಿಟ್ಟು, ಏಟು ಬಿದ್ದಿದ್ದು ಅಯೋವಾದ ಅಜ್ಜಿಗೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಅಂತ ನಮ್ಮಲ್ಲೇ ಅಲ್ವಾ ಹೇಳೋದು? ಆದೇಶವನ್ನು ಅದೇ ಡಿಸೆಂಬರ್‌ನಲ್ಲಿ ವಾಪಸ್ ತಗೊಂಡರು, ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಮನೆಮಾತನ್ನು ಬಿಟ್ಟರೆ ಮಾತ್ರ ನೀನು ನಮ್ಮವನು ಅನ್ನೋ ಮಾತು ಕನ್ನಡಿಗನಿಗೆ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ಬೆಂಗ್ಳೂರುಬಸ್:

ಸರಿ, ಇದು ಬೇರೆ ವಿಷಯ. ಇದನ್ನು ಮೊದಲೇ ಹೇಳಬೇಕಿತ್ತು. ಈ ಟೆಲಿಫೋನ್ ನಿಮ್ಮ ಕಾದಂಬರಿಯ ಎಷ್ಟನೇ ಪುಟದಲ್ಲಿ ಬರುತ್ತೆ?

ಅಯೋವಾಜೋಳ:

211. ಎರಡು ಪ್ಯಾರಾ.

ಬೆಂಗ್ಳೂರುಬಸ್:

ಎರಡು ಪ್ಯಾರಾ!! ಮಾರಾಯ್ರೇ.

ಮಂಡ್ಯದಗೌಡ್ತಿ:

ನಾನು ಕೇಳಬೇಕು ಅಂತಿದ್ದದ್ದು ಇದೇ. ನಿಮ್ಮ ಹೆಂಗಸರು ಏನು ಮಾಡ್ತಾ ಇರ್ತಾರೆ? ಅಳೋದು ಬಿಟ್ಟು?

ನಾನು ಓದಿದ ಒಂದು ಸಂಗತಿ ನೋಡಿ. ನಾರ್ತ್ ಕ್ಯಾರೊಲಿನಾದ ಒಬ್ಬ ಅಜ್ಜಿ 2020ರಲ್ಲಿ 90ನೇ ವಯಸ್ಸಿಗೆ ತೀರಿಕೊಂಡರು. ಅವರಿಗೆ ಸಾಯುವ ತನಕ ಸರ್ಕಾರದಿಂದ ತಿಂಗಳಿಗೆ 73 ಡಾಲರ್ 13 ಸೆಂಟ್ ಪಿಂಚಣಿ ಬರ್ತಿತ್ತು. ಯಾವ ಯುದ್ಧದ ಪಿಂಚಣಿ ಗೊತ್ತಾ? ಅಂತರ್ಯುದ್ಧದ್ದು! 1865ಕ್ಕೆ ಮುಗಿದ ಯುದ್ಧ! ಅವರ ಅಪ್ಪ ಹುಟ್ಟಿದ್ದು 1846ರಲ್ಲಿ. ಎರಡನೇ ಮದುವೆಯಲ್ಲಿ, 83ನೇ ವಯಸ್ಸಿನಲ್ಲಿ ಈ ಮಗಳು. ಇನ್ನೂ ತಮಾಷೆ ಅಂದರೆ ಆ ಅಪ್ಪ ಮೊದಲು ದಕ್ಷಿಣದ ಸೇನೆಯಲ್ಲಿದ್ದ, ಅಲ್ಲಿಂದ ಓಡಿಹೋಗಿ ಉತ್ತರದ ಕಡೆ ಸೇರಿಕೊಂಡ. ಓಡಿಹೋಗದೆ ಇದ್ದಿದ್ದರೆ ಪಿಂಚಣಿಯೇ ಇಲ್ಲ. ಅವನನ್ನ ದೇಶಭಕ್ತ ಅಂತೀರೋ ದ್ರೋಹಿ ಅಂತೀರೋ? ಇಷ್ಟೆಲ್ಲ ಒಬ್ಬಳು ಮಗಳ ಒಂದು ಚೆಕ್ಕಿನಲ್ಲಿದೆ. ನಿಮಗೆ ಐದು ತಲೆಮಾರು ಬೇಕಾಯಿತು, ಆ ಮನೆಯಲ್ಲಿ ಅಪ್ಪ ಮಗಳು ಇಬ್ಬರೇ ನೂರೈವತ್ತು ವರ್ಷ ದಾಟಿಸಿದರು.

ಮತ್ತೆ ಆ ಕಿಟಕಿಯ ನಕ್ಷತ್ರ. 1917ರಿಂದ ಅಲ್ಲಿ ಸೇನೆಗೆ ಹೋದವರ ಮನೆ ಕಿಟಕಿಯಲ್ಲಿ ಒಂದು ಚಿಕ್ಕ ಬಾವುಟ ನೇತುಹಾಕ್ತಾರೆ, ಒಬ್ಬ ಮಗನಿಗೆ ಒಂದು ನೀಲಿ ನಕ್ಷತ್ರ. ಮಗ ಸತ್ತರೆ ನೀಲಿ ಮೇಲೆ ಚಿನ್ನದ ಬಣ್ಣದ್ದು. ನಿಮ್ಮ ಅಯೋವಾದಲ್ಲೇ ವಾಟರ್ಲೂ ಊರಿನಲ್ಲಿ ಸಲ್ಲಿವನ್ ಅನ್ನೋರ ಮನೆಯ ಐದು ಜನ ಗಂಡುಮಕ್ಕಳು ಒಂದೇ ಹಡಗಿನಲ್ಲಿದ್ದು 1942ರ ನವೆಂಬರ್‌ನಲ್ಲಿ ಐವರೂ ಹೋದರಲ್ಲ. ಆಮೇಲೆ ಆ ತಂದೆ ತಾಯಿಯನ್ನು ಊರೂರಿನ ಕಾರ್ಖಾನೆಗೆ ಕರೆದುಕೊಂಡು ಹೋಗಿ, ಇನ್ನೂ ಜಾಸ್ತಿ ಕೆಲಸ ಮಾಡಿ ಅಂತ ಕಾರ್ಮಿಕರಿಗೆ ಹೇಳಿಸಿದರು. ಆ ತಾಯಿ ವೇದಿಕೆ ಹತ್ತಿ ಏನು ಮಾತಾಡಿದಳು ಅನ್ನೋದಕ್ಕಿಂತ, ರಾತ್ರಿ ಹೋಟೆಲ್ ರೂಮಿನಲ್ಲಿ ಏನು ಮಾಡಿದಳು ಅನ್ನೋದನ್ನ ಬರೆಯೋಕೆ ಆಗುತ್ತಾ ನೋಡಿ.

ಪುಸ್ತಕದಹುಳ:

ಗೌಡ್ತಿ ಮೇಡಂ ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಈ ನಕ್ಷತ್ರವನ್ನೋ ಗಡಿಯಾರವನ್ನೋ ಪಿಸ್ತೂಲನ್ನೋ ತಲೆಮಾರಿನಿಂದ ತಲೆಮಾರಿಗೆ ದಾಟಿಸೋಕೆ ಹೋಗಬೇಡಿ. ಎಲ್ಲ ಮನೆತನದ ಕಾದಂಬರಿಯಲ್ಲೂ ಅಟ್ಟದ ಮೇಲೆ ಒಂದು ಪೆಟ್ಟಿಗೆ ಇರುತ್ತೆ, ಕೊನೆಯ ಮೊಮ್ಮಗಳು ಅದನ್ನು ತೆಗೀತಾಳೆ. ಸಾಕಾಗಿದೆ.

ಅಯೋವಾಜೋಳ:

ಪೆಟ್ಟಿಗೆ ಇದೆ. ತೆಗೆದುಹಾಕ್ತೀನಿ. ಮೊಮ್ಮಗಳೂ ಇದ್ದಾಳೆ.

ಮಡಿಕೇರಿಮಂಜು:

ಕಾಫಿ ಕೊಯ್ಲು ಮುಗಿದು ಈಗ ಪುರುಸೊತ್ತು. ನಮ್ಮ ಕೊಡಗಿನಲ್ಲಿ ಮೂರು ನಾಲ್ಕು ತಲೆಮಾರು ಮಿಲಿಟರಿಯಲ್ಲಿದ್ದ ಮನೆಗಳು ಬೇಕಾದಷ್ಟಿವೆ, ನಮ್ಮದೂ ಒಂದು. ಅಂಥ ಮನೆಯಲ್ಲಿ ದೇಶಭಕ್ತಿ ಅನ್ನೋ ಪದವನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ರೇಷನ್, ರಜೆ, ಪ್ರಮೋಷನ್, ಕ್ಯಾಂಟೀನಿನ ರಮ್, ಮಂಡಿ ನೋವು, ಇಷ್ಟೇ ಮಾತು. ನಿಮ್ಮ ಮೊದಲ ಅಧ್ಯಾಯದಲ್ಲಿ ಆ ಹುಡುಗ ಊಟದ ಮೇಜಿನಲ್ಲಿ ಅರ್ಧ ಪುಟ ಭಾಷಣ ಮಾಡ್ತಾನೆ. ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡಿದ್ದರೆ ನನ್ನಜ್ಜ ಎದ್ದು ತೋಟಕ್ಕೆ ಹೋಗಿಬಿಡ್ತಿದ್ದರು. ಅಂತರ್ಯುದ್ಧದ ಸಿಪಾಯಿಗೆ ತಿಂಗಳಿಗೆ 13 ಡಾಲರ್ ಸಂಬಳ. ಅದೂ ಬಿಳಿಯರಿಗೆ ಮಾತ್ರ. ಕಪ್ಪು ಸಿಪಾಯಿಗೆ 10 ಅಂತ ಹೇಳಿ ಬಟ್ಟೆಗೆ 3 ಹಿಡಿದು ಕೈಗೆ 7 ಕೊಡ್ತಿದ್ದರು, 1864ರಲ್ಲಿ ಸರಿ ಮಾಡುವ ತನಕ. 300 ಡಾಲರ್ ಕಟ್ಟಿದ ಶ್ರೀಮಂತನಿಗೆ ಭರ್ತಿಯಿಂದಲೇ ಮಾಫಿ. ಮೇಜಿನ ಸುತ್ತ ಇದನ್ನು ಮಾತಾಡಿಸಿ.

ಇನ್ನು ನಾನು ಹೇಳಬೇಕಾದ್ದು. ನಿಮ್ಮ ಪಟ್ಟಿಯಲ್ಲಿ ಕೊರಿಯಾ ಯುದ್ಧ ಇಲ್ಲ. ಅಮೆರಿಕದವರೇ ಅದನ್ನು ಮರೆತ ಯುದ್ಧ ಅಂತಾರೆ, ನೀವೂ ಮರೆತಿದ್ದೀರಿ. ಕೊಡಗಿನವರಿಗೆ ಮರೆಯೋಕೆ ಆಗೋದಿಲ್ಲ. 1953ರಲ್ಲಿ ಕದನವಿರಾಮ ಆದಾಗ ಊರಿಗೆ ಹೋಗೋದಿಲ್ಲ ಅಂತ ಕೂತ ಕೈದಿಗಳದ್ದೇ ದೊಡ್ಡ ಸಮಸ್ಯೆ. ಅವರನ್ನು ನೋಡಿಕೊಳ್ಳೋಕೆ ತಟಸ್ಥ ದೇಶಗಳ ಒಂದು ಆಯೋಗ ಆಯ್ತು. ಅದರ ಅಧ್ಯಕ್ಷರು ನಮ್ಮ ಜನರಲ್ ತಿಮ್ಮಯ್ಯ, ಇದೇ ಮಡಿಕೇರಿಯ ಸನ್ನಿಸೈಡ್ ಮನೆಯವರು. ಕಾವಲಿಗೂ ಭಾರತದ್ದೇ ಪಡೆ. ಅಮೆರಿಕದ ಕಡೆ ಸೆರೆಯಲ್ಲಿದ್ದ ಇಪ್ಪತ್ತೆರಡು ಸಾವಿರಕ್ಕೂ ಜಾಸ್ತಿ ಚೀನೀ, ಕೊರಿಯನ್ ಕೈದಿಗಳು ವಾಪಸ್ ಹೋಗಲ್ಲ ಅಂದರು. ಚೀನಾ, ಉತ್ತರ ಕೊರಿಯಾ ಕಡೆ ಸೆರೆಯಲ್ಲಿದ್ದವರ ಪೈಕಿ ಹಾಗೆ ಹೇಳಿದ್ದು 359 ಜನ, ಅದರಲ್ಲಿ 23 ಅಮೆರಿಕನ್ನರು! ಅಮೆರಿಕವೇ ಬೆಚ್ಚಿಬಿತ್ತು. ಅಮೆರಿಕದ ಹುಡುಗ ಅಮೆರಿಕ ಬೇಡ ಅನ್ನೋದುಂಟಾ? ಇಬ್ಬರು ಮನಸ್ಸು ಬದಲಿಸಿ ವಾಪಸ್ ಬಂದರು. ಬಂದ ಇಬ್ಬರನ್ನೂ ಕೋರ್ಟ್ ಮಾರ್ಷಲ್ ಮಾಡಿ ಜೈಲಿಗೆ ಹಾಕಿದರು. ಉಳಿದ 21 ಜನ ಚೀನಾಕ್ಕೆ ಹೋದರು.

ಆ 21ರಲ್ಲಿ ಮೂವರು ಕಪ್ಪು ಜನ. ಒಬ್ಬ ಕ್ಲಾರೆನ್ಸ್ ಆಡಮ್ಸ್, ಮೆಂಫಿಸ್ ಊರಿನವನು. ಊರಿನಲ್ಲಿ ತನ್ನನ್ನು ಹೇಗೆ ನಡೆಸಿಕೊಂಡರು ಅನ್ನೋದೇ ಅವನ ಕಾರಣ. 1966ರಲ್ಲಿ ಚೀನೀ ಹೆಂಡತಿ ಮಕ್ಕಳ ಜೊತೆ ಅದೇ ಮೆಂಫಿಸ್‌ಗೆ ಬಂದ. ಆಮೇಲೆ ಚೀನೀ ಊಟದ ಹೋಟೆಲ್ ನಡೆಸಿದ. ನಿಮ್ಮ ಮನೆತನಕ್ಕೆ ಅಂಥವನೊಬ್ಬ ತಮ್ಮನನ್ನು ಕೊಡಿ ಸರ್. ಅವನ ಅಣ್ಣ ಎರಡನೇ ಮಹಾಯುದ್ಧ ಗೆದ್ದು ಬಂದಿದ್ದಾನೆ, ಗೋಡೆ ಮೇಲೆ ಪದಕ. ತಮ್ಮ ಒಂದು ತಂತಿಬೇಲಿ ಹಿಂದೆ ಕೂತಿದ್ದಾನೆ, ಎದುರಿಗೆ ಮಡಿಕೇರಿಯ ಒಬ್ಬ ಜನರಲ್ಲು ಕೇಳ್ತಾ ಇದ್ದಾರೆ, ಮನೆಗೆ ಹೋಗ್ತೀಯಾ ಇಲ್ಲವಾ ಅಂತ.

ಪುಸ್ತಕದಹುಳ:

ಮಂಜು, ಇದಕ್ಕೆ ಒಂದು ಕಾಫಿ ನನ್ನ ಲೆಕ್ಕದಲ್ಲಿ.

ಅಯೋವಾಜೋಳ:

ಮಂಜು ಅವರೇ, ಕಿರಿಯ ತಮ್ಮ ಒಬ್ಬ ಈಗಾಗಲೇ ಇದ್ದಾನೆ. ಒಂದೇ ಪುಟ. ಟ್ರ್ಯಾಕ್ಟರ್ ಅಪಘಾತದಲ್ಲಿ ಸಾಯಿಸಿಬಿಟ್ಟಿದ್ದೆ. ಬದುಕಿಸ್ತೀನಿ.

ಭಾಷಣದ ವಿಷಯ ಒಪ್ಪಿದೆ. ಆದರೆ ಒಂದು ಕಡೆ ನಾನು ಬಿಟ್ಟುಕೊಡೋದಿಲ್ಲ. ಇಲ್ಲಿನ ಜನ ನಿಜಕ್ಕೂ ಹಾಗೆ ಮಾತಾಡ್ತಾರೆ. ಬೇಸ್‌ಬಾಲ್ ಆಟಕ್ಕೂ ಮುಂಚೆ ಎದ್ದು ನಿಲ್ತಾರೆ, ಮನೆ ಮನೆ ಮುಂದೆ ಬಾವುಟ. ಅದು ಬರೀ ತೋರಿಕೆ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಪಕ್ಕದ ಮನೆಯ ಮುದುಕರು ವಿಯೆಟ್ನಾಂನಲ್ಲಿದ್ದವರು. ಹಿಮ ಬಿದ್ದ ಬೆಳಿಗ್ಗೆ ಕೂಡ ನಡುಗುವ ಕೈಯಲ್ಲಿ ಬಾವುಟ ಏರಿಸ್ತಾರೆ. ಯಾಕೆ ಅಂತ ಒಂದು ಸಲ ಕೇಳಿದೆ. ಸಿಟ್ಟು ಬಂತು ಅವರಿಗೆ. ಸರ್ಕಾರವನ್ನು ಒಂದು ಗಂಟೆ ಬೈದರು. ಬೈದು ಮುಗಿಸಿ, ಸಂಜೆ ಹೋಗಿ ಬಾವುಟ ಇಳಿಸಿ ಮಡಿಸಿಟ್ಟರು.

ಬೆಂಗ್ಳೂರುಬಸ್:

ಬೈಯೋದು ಬೇಕಾದಷ್ಟಿದೆ ಬಿಡಿ. ಮೊದಲ ಮಹಾಯುದ್ಧದ ಸಿಪಾಯಿಗಳಿಗೆ 1924ರಲ್ಲಿ ಒಂದು ಬೋನಸ್ ಪತ್ರ ಕೊಟ್ಟರು, ದುಡ್ಡು ಸಿಗೋದು 1945ಕ್ಕೆ. ನಡುವೆ 1930ರ ದಶಕದ ಆರ್ಥಿಕ ಕುಸಿತ, ಕೆಲಸ ಇಲ್ಲ, ಊಟ ಇಲ್ಲ. 1932ರಲ್ಲಿ ಸಾವಿರಾರು ಜನ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋಗಿ ಗುಡಿಸಲು ಹಾಕಿದರು, ದುಡ್ಡು ಈಗಲೇ ಕೊಡಿ ಅಂತ. ಜುಲೈ 28ಕ್ಕೆ ಸೇನೆ ಬಂತು. ಕುದುರೆ, ಟ್ಯಾಂಕು, ಅಶ್ರುವಾಯು. ಗುಡಿಸಲು ಸುಟ್ಟುಹೋದವು. ಸೇನೆಯ ಮುಂದಿದ್ದದ್ದು ಮ್ಯಾಕ್‌ಆರ್ಥರ್. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಮತ್ತೆ ಆಗಿನ ಅಧ್ಯಕ್ಷ ಹೂವರ್ ನಿಮ್ಮ ಅಯೋವಾದವನೇ ಅಲ್ವಾ? 1918ರಲ್ಲಿ ಫ್ರಾನ್ಸಿನಿಂದ ಬಂದ ನಿಮ್ಮ ಮೊಮ್ಮಗ ಆ ಗುಡಿಸಲಲ್ಲಿ ಇರಲೇಬೇಕು. ಅವನ ಎದುರು ಕುದುರೆ ಮೇಲೆ ಬಂದವನು ಇವನ ಹಳೇ ಸಂಗಡಿಗ ಆಗಬಹುದು, ಬೇಡ ಅಂದರೆ ಬಿಡಿ, ಸಿನಿಮಾ ಆಗುತ್ತೆ.

ಅಯೋವಾಜೋಳ:

ಹೌದು, ಹೂವರ್ ಹುಟ್ಟಿದ ವೆಸ್ಟ್ ಬ್ರಾಂಚ್ ಇದೇ ರಾಜ್ಯದಲ್ಲಿ. ಶಾಲೆ ಮಕ್ಕಳನ್ನ ಟೂರ್ ಕರೆದುಕೊಂಡು ಹೋಗ್ತಾರೆ. ಸಂಗಡಿಗ ಬೇಡ, ನೀವೇ ಹೇಳಿದ ಹಾಗೆ ಸಿನಿಮಾ.

ಕರಿಕಲ್ಲು_ಚಾಮರಾಜನಗರ:

ಸರ್ ನಾನು ಕಾದಂಬರಿ ಜಾಸ್ತಿ ಓದೋನಲ್ಲ. ನಮ್ಮಪ್ಪ ಕ್ವಾರಿಯಲ್ಲಿ ಕಲ್ಲು ಸೀಳೋ ಕೆಲಸದಲ್ಲಿದ್ದರು. ವಿಯೆಟ್ನಾಂ ಅಂದ್ರಲ್ಲ, ಅದಕ್ಕೆ ಬರೀತಿದ್ದೇನೆ. ವಾಷಿಂಗ್ಟನ್‌ನಲ್ಲಿ ಆ ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿದ ಕಪ್ಪು ಗೋಡೆ ಇದೆಯಲ್ಲ, ಆ ಕಲ್ಲು ಹೋಗಿದ್ದು ಬೆಂಗಳೂರಿನಿಂದ. ನಮ್ಮ ಕಡೆ ಕರಿಕಲ್ಲು ಅಂತೀವಿ. ಸ್ವೀಡನ್, ಕೆನಡಾ ಕಡೆಯ ಕಲ್ಲು ಬೇಡ ಅಂದರಂತೆ, ಯಾಕೆಂದರೆ ಯುದ್ಧಕ್ಕೆ ಹೋಗಲ್ಲ ಅಂತ ಓಡಿಹೋದ ಹುಡುಗರು ಆ ದೇಶಗಳಿಗೇ ಹೋಗಿದ್ದರು. ಕಲ್ಲಿಗೆ ಏನು ಗೊತ್ತು ಸರ್. ನಮ್ಮ ಕಲ್ಲನ್ನು ಅಲ್ಲಿ ವರ್ಮಾಂಟ್ ಅನ್ನೋ ಕಡೆ ಕೊಯ್ದು, ಹೆಸರನ್ನ ಮೆಂಫಿಸ್‌ನಲ್ಲಿ ಕೆತ್ತಿದರು.

ಮಡಿಕೇರಿಮಂಜು:

ಮೆಂಫಿಸ್! ನಾನು ಹೇಳಿದ ಆ ಹೋಟೆಲ್‌ನವನ ಊರು.

ಶಾಸನದಾಸ:

ಈ ಕಲ್ಲಿನ ಮಾತು ಬಂದದ್ದು ಒಳ್ಳೆಯದಾಯಿತು. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗೋದು ಎಲ್ಲಿ? ಬೇಗೂರಿನ ನಾಗೇಶ್ವರ ಗುಡಿಯ ಒಂದು ವೀರಗಲ್ಲಿನಲ್ಲಿ. ಸುಮಾರು 890ರದ್ದು. ಬೆಂಗಳೂರು ಕಾಳಗದಲ್ಲಿ ಸತ್ತವನೊಬ್ಬನ ಕಲ್ಲು. ಅಂದರೆ ಈ ಊರಿನ ಹೆಸರೇ ಯುದ್ಧದಲ್ಲಿ ಸತ್ತವನ ಜೊತೆ ಕಲ್ಲಿನ ಮೇಲೆ ಬಂದದ್ದು. ಸಾವಿರದ ನೂರು ವರ್ಷದ ಮೇಲೆ ಅದೇ ಬೆಂಗಳೂರಿನ ಕಲ್ಲು ವಾಷಿಂಗ್ಟನ್‌ಗೆ ಹೋಗಿ ಮತ್ತೆ ಸತ್ತವರ ಹೆಸರು ಹೊತ್ತು ನಿಂತಿದೆ.

ನಮ್ಮ ಮಾಮೂಲಿ ವೀರಗಲ್ಲು ನೋಡಿದ್ದೀರಲ್ಲ, ಮೂರು ಪಟ್ಟಿಕೆ. ಕೆಳಗೆ ಹೊಡೆದಾಟ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗ್ತಾ ಇರ್ತಾರೆ. ಮೇಲೆ ಕೈಲಾಸ, ಲಿಂಗದ ಮುಂದೆ ಅವನು ಕೂತಿರ್ತಾನೆ. ಸತ್ತದ್ದು ದಂಡ ಅಲ್ಲ ಅಂತ ಮೇಲಿನ ಪಟ್ಟಿಕೆ ಹೇಳುತ್ತೆ. ಆ ವಾಷಿಂಗ್ಟನ್ ಗೋಡೆಯಲ್ಲಿ ಈ ಮೂರೂ ಇಲ್ಲ. 58 ಸಾವಿರಕ್ಕೂ ಮೀರಿದ ಹೆಸರುಗಳು, ಸತ್ತ ದಿನದ ಕ್ರಮದಲ್ಲಿ. ಜನರಲ್ಲು ಮೇಲೆ, ಸಿಪಾಯಿ ಕೆಳಗೆ ಅಂತಲೂ ಇಲ್ಲ. ಗೋಡೆ ನೆಲದಿಂದ ಮೇಲೇಳೋದೂ ಇಲ್ಲ, ನೆಲದೊಳಕ್ಕೆ ಇಳಿಯುತ್ತೆ. ವಿನ್ಯಾಸ ಮಾಡಿದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ವಿದ್ಯಾರ್ಥಿನಿ. 1982ರಲ್ಲಿ ಗೋಡೆ ಬಂದಾಗ ದೊಡ್ಡ ಜಗಳ ಆಯ್ತು, ಇದು ಅವಮಾನದ ಗಾಯ ಅಂದರು. ಕಡೆಗೆ ಪಕ್ಕದಲ್ಲಿ ಮೂವರು ಸಿಪಾಯಿಗಳ ಕಂಚಿನ ಪ್ರತಿಮೆ ಇಟ್ಟು ಸಮಾಧಾನ ಮಾಡಿದರು, 1984ರಲ್ಲಿ. ನನ್ನ ಪ್ರಕಾರ ಆ ಜಗಳ ಮೇಲಿನ ಪಟ್ಟಿಕೆಯದ್ದು. ಕೈಲಾಸ ಎಲ್ಲಿ ಅಂತ ಕೇಳಿದರು ಅವರು.

ಅಯೋವಾ ಅವರೇ, ನಿಮ್ಮ ಮೊದಲ ಅಧ್ಯಾಯ ನಾನೂ ಓದಿದೆ. ನೀವು ಪ್ರತಿ ಯುದ್ಧಕ್ಕೂ ಮೇಲಿನ ಪಟ್ಟಿಕೆ ಕೆತ್ತಿದ್ದೀರಿ ಅಂತ ಕಾಣುತ್ತೆ. ಬ್ಯಾಂಡು, ಬಾವುಟ, ತಾಯಿ, ಅದೇ ನಿಮ್ಮ ಕೈಲಾಸ. ಅದಕ್ಕೇ ಎಲ್ಲ ಒಂದೇ ಥರ ಮುಗಿಯೋದು.

ಅಯೋವಾಜೋಳ:

ಇದನ್ನು ಓದಿ ಎರಡು ದಿನ ಏನೂ ಬರೆಯೋಕಾಗಲಿಲ್ಲ. ಮೇಲಿನ ಪಟ್ಟಿಕೆ. ಹೌದು.

ಪುಸ್ತಕದಹುಳ:

ದಾಸರೇ, ಪೂರ್ತಿ ಒಪ್ಪೋದಿಲ್ಲ ನಾನು. ಮೇಲಿನ ಪಟ್ಟಿಕೆ ತೆಗೆದುಬಿಟ್ಟರೆ ಕಾದಂಬರಿ ಬರೀ ಯುದ್ಧವಿರೋಧಿ ಕರಪತ್ರ ಆಗಬಹುದು. ಅದೂ ಸುಲಭದ ದಾರಿಯೇ. ಆ ಪಕ್ಕದ ಮನೆ ಮುದುಕ ಬೈದು ಬಾವುಟ ಮಡಿಸಿದನಲ್ಲ, ಅವನಿಗೆ ಕೈಲಾಸ ಬೇಕು. ನಂಬಿಕೆ ಇಲ್ಲ, ಆದರೂ ಬೇಕು. ಅದನ್ನು ಬರೆಯೋದು ಕಷ್ಟ.

ಮಂಡ್ಯದಗೌಡ್ತಿ:

ಒಂದು ಪ್ರಶ್ನೆ ಉಳಿದಿದೆ. ಜರ್ಮನಿಯಿಂದ ಬಂದ ಹುಡುಗ, ಗುಂಡಿ ಉಜ್ಜಿದ ಮಗ, ಫ್ರಾನ್ಸಿಗೆ ಹೋದ ಮೊಮ್ಮಗ, ಆಮೇಲೆ ಅಣ್ಣ ತಮ್ಮ, ಆಮೇಲೆ ವಿಯೆಟ್ನಾಂನವನು. ಐದಾಯ್ತು. 1969ರ ಡಿಸೆಂಬರ್ 1ಕ್ಕೆ ಟಿವಿಯಲ್ಲಿ ಗಾಜಿನ ಪಾತ್ರೆಯಿಂದ ಹುಟ್ಟಿದ ತಾರೀಖಿನ ಚೀಟಿ ಎತ್ತಿ ಯಾರು ಮೊದಲು ಹೋಗಬೇಕು ಅಂತ ತೀರ್ಮಾನ ಮಾಡಿದರಲ್ಲ, ಮೊದಲು ಬಂದದ್ದು ಸೆಪ್ಟೆಂಬರ್ 14. ಅದು ನಿಮ್ಮಲ್ಲಿ ಬರುತ್ತೆ ಅಂದುಕೊಳ್ತೀನಿ. ಅಲ್ಲಿಗೆ ಕಥೆ ಮುಗಿಯುತ್ತಾ? 1973ಕ್ಕೆ ಕಡ್ಡಾಯ ಭರ್ತಿ ನಿಂತಿತು. ಆಮೇಲೆ ಇಷ್ಟವಿದ್ದವರು ಮಾತ್ರ. ಆದರೂ ಇರಾಕ್, ಅಫ್ಘಾನಿಸ್ತಾನಕ್ಕೆ ಮಕ್ಕಳು ಹೋದರು. ಆರನೆಯವನು ಯಾರು? ಮತ್ತೆ, ಕೇಳಬಾರದೋ ಏನೋ, ನೀವು ನಾಲ್ಕು ವರ್ಷದಿಂದ ಇದನ್ನೇ ಹಿಡಿದು ಕೂತಿರೋದು ಬರೀ ಟೆಲಿಫೋನಿಗಾಗಿ ಅಂತ ನನಗೆ ಅನ್ನಿಸ್ತಿಲ್ಲ.

ಅಯೋವಾಜೋಳ:

ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ. ಹೇಳ್ತೀನಿ.

ಮಗನಿಗೆ ಈಗ ಹದಿನೆಂಟು. ಇಲ್ಲೇ ಹುಟ್ಟಿದವನು. ಹದಿನಾಲ್ಕಿದ್ದಾಗಲೇ ಶಾಲೆಯ ಊಟದ ಕೋಣೆಗೆ ಮಿಲಿಟರಿಯವರು ಬಂದು ಮೇಜು ಹಾಕಿ ಕೂತಿದ್ದರು. ಪೆನ್ನು, ನೀರಿನ ಬಾಟಲಿ, ದಂಡ ಹೊಡೆದರೆ ಟೀ ಶರ್ಟು. ಅವತ್ತು ಟೀ ಶರ್ಟ್ ಹಾಕಿಕೊಂಡು ಬಂದ. ನಾನು ನಕ್ಕೆ. ಆ ರಾತ್ರಿಯೇ ಬರೆಯೋಕೆ ಶುರು ಮಾಡಿದೆ ಅಂತ ಈಗ ಲೆಕ್ಕ ಹಾಕಿದರೆ ಗೊತ್ತಾಗ್ತಿದೆ. ಹದಿನೆಂಟು ತುಂಬಿದ ತಿಂಗಳೇ ಇಲ್ಲಿನ ಗಂಡುಮಕ್ಕಳೆಲ್ಲ ಭರ್ತಿಪಟ್ಟಿಗೆ ಹೆಸರು ಕೊಡಬೇಕು, ಯುದ್ಧ ಇರಲಿ ಬಿಡಲಿ. ಕೊಟ್ಟ. ಈಗ ನ್ಯಾಷನಲ್ ಗಾರ್ಡ್‌ಗೆ (ರಾಜ್ಯದ ಮೀಸಲು ಸೇನೆ) ಸೇರ್ತೀನಿ ಅಂತ ಹಠ. ಕಾಲೇಜು ಫೀಸಿಗೆ ಸಹಾಯ ಆಗುತ್ತೆ ಅಂತಾನೆ, ಆದರೆ ಫೀಸು ನಾನು ಕಟ್ಟಬಲ್ಲೆ, ಅದು ಅವನಿಗೂ ಗೊತ್ತು.

ಕಳೆದ ತಿಂಗಳು ವಿಡಿಯೊ ಕಾಲ್‌ನಲ್ಲಿ ನಮ್ಮವ್ವನಿಗೆ ಹೇಳಿದ. ಅವ್ವ ಕೇಳಿದರು, "ಯಾರ ಕಡೆಗಪ್ಪಾ ನೀನು ಹೊಡೆದಾಡೋಕೆ ಹೋಗೋದು?" ಅವನು ತನ್ನ ಮುರುಕು ಕನ್ನಡದಲ್ಲಿ "ನಮ್ಮ ಕಡೆ, ಅಜ್ಜಿ" ಅಂದ. ಆ "ನಮ್ಮ" ಅನ್ನೋದರಲ್ಲಿ ನಾನಿದ್ದೀನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೇಳೋಕೂ ಆಗಲಿಲ್ಲ. ನನ್ನ 340 ಪುಟದಲ್ಲಿ ಅಂಥ ಒಂದು ಮಾತಿಲ್ಲ.

ಬೆಂಗ್ಳೂರುಬಸ್:

ಮೊದಲು ನಾನು ಕೇಳಿದ ಪ್ರಶ್ನೆ ವಾಪಸ್ ತಗೊಂಡೆ ಸರ್.

ಮಡಿಕೇರಿಮಂಜು:

ತಡೆಯೋಕೆ ಹೋಗಬೇಡಿ, ತಳ್ಳೋಕೂ ಹೋಗಬೇಡಿ. ನಮ್ಮಪ್ಪನನ್ನ ತಡೆದರು, ರಾತ್ರಿ ಲಾರಿ ಹತ್ತಿ ಹೋಗಿ ಸೇರಿಕೊಂಡರು. ಮಗನಿಗೆ ಆ 23 ಜನರ ಕಥೆ ಹೇಳಿ, ಆ ಬೋನಸ್ ಗುಡಿಸಲಿನದ್ದೂ ಹೇಳಿ. ಕೇಳಿಸಿಕೊಂಡೂ ಹೋಗ್ತೀನಿ ಅಂದರೆ ಹೋಗಲಿ.

ಪುಸ್ತಕದಹುಳ:

ಕಾದಂಬರಿಗೆ ಒಂದು ಮಾತು, ಮನೆ ವಿಷಯ ನಿಮಗೆ ಬಿಟ್ಟದ್ದು. ಮಗನನ್ನು ಇದರೊಳಗೆ ತರಬೇಡಿ. ಹಾಸನದವನೊಬ್ಬ ಕೊನೇ ಅಧ್ಯಾಯದಲ್ಲಿ ನುಗ್ಗಿದರೆ ಜರ್ಮನ್ ಮನೆತನ ಬರೀ ಮುನ್ನುಡಿ ಆಗಿಬಿಡುತ್ತೆ. ಟೆಲಿಫೋನ್ ಹತ್ತಿರ ನಿಂತ ಆ ತಾಯಿಗೆ ನಿಮ್ಮ ಕಷ್ಟ ಕೊಟ್ಟುಬಿಡಿ. ಅವಳು ತಡೆದುಕೊಳ್ತಾಳೆ. 211ನೇ ಪುಟ ಮೊದಲನೇ ಪುಟ ಆಗಲಿ.

ಅಯೋವಾಜೋಳ:

ಆ ಅಧ್ಯಾಯ ಹೊಸದಾಗಿ ಬರೀತಿದ್ದೇನೆ. ರಿಸೀವರ್ ಕೈಯಲ್ಲಿದೆ, ತಂತಿಯ ಆ ಕಡೆ ಅಕ್ಕ, ಯಾರೋ ಕದ್ದು ಕೇಳ್ತಾ ಇರೋ ಉಸಿರು. ಭಾನುವಾರದೊಳಗೆ ಕಳಿಸ್ತೀನಿ, ಬೇಕಾದವರು ಹೇಳಿ.

ಮಂಡ್ಯದಗೌಡ್ತಿ:

ನನಗೆ ಕಳಿಸಿ. ಅದಿರಲಿ, "ನಮ್ಮ ಕಡೆ" ಅಂದಾಗ ನಿಮ್ಮವ್ವ ಏನಂದ್ರು?

ಅಯೋವಾಜೋಳ:

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅಲ್ಲಿ ಊಟಕ್ಕೆ ಏನು ಹಾಕ್ತಾರೆ, ಮುದ್ದೆ ಸಿಗುತ್ತಾ ಅಂತ ಕೇಳಿದರು.

ಕರಿಕಲ್ಲು_ಚಾಮರಾಜನಗರ:

ಸರ್ ನೀವು ವಾಷಿಂಗ್ಟನ್ ಕಡೆ ಹೋದರೆ ಆ ಗೋಡೆಯದ್ದು ಒಂದು ಫೋಟೊ ಹತ್ತಿರದಿಂದ ತೆಗೆದು ಹಾಕ್ತೀರಾ? ಹೆಸರು ಬೇಡ, ಬರೀ ಕಲ್ಲು. ಕಣ ಕಾಣೋ ಹಾಗೆ. ನಮ್ಮಪ್ಪನಿಗೆ ಈಗ ಕಣ್ಣು ಮಂಜು, ಆದರೂ ಕಲ್ಲು ನೋಡಿ ಯಾವ ಕಡೆಯದ್ದು ಅಂತ ಹೇಳ್ತಾರೆ.